ನೋವಿನ ಮಾತ್ರೆ ತಗೊಂಡರೆ ಲಿವರ್ ಕ್ಯಾನ್ಸರ್ ಬರಲ್ವಂತೆ, ಹೌದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ಸಣ್ಣ ಊರಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಚೀಟಿ ಇಲ್ಲದೆ ಬಂದು "ಎಕೋಸ್ಪ್ರಿನ್ ಒಂದು ಶೀಟ್ ಕೊಡಿ, ಲಿವರಿಗೆ ಒಳ್ಳೇದಂತೆ" ಅನ್ನುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್ ಮಾತ್ರೆ. ಅದನ್ನು ತಗೊಂಡರೆ ಲಿವರ್ ಕ್ಯಾನ್ಸರ್ ಬರಲ್ಲ ಅಂತ ಯಾರೋ ಕಳಿಸಿದ ವಿಡಿಯೊ ನೋಡಿ ಬಂದಿರುತ್ತಾರೆ. ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ತಲೆನೋವು. ಕೌಂಟರ್ ಹತ್ತಿರ ನಿಂತು ಒಬ್ಬೊಬ್ಬರಿಗೂ ಇಷ್ಟೆಲ್ಲ ಹೇಳಲು ಆಗುವುದಿಲ್ಲ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಉರಿಯೂತಕ್ಕೂ ಲಿವರ್ ಕ್ಯಾನ್ಸರಿಗೂ ಏನು ಸಂಬಂಧ?

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದೇ ಉರಿಯೂತ. ಮುಳ್ಳು ತೆಗೆದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಲಿವರಿನ ಕಥೆ ಹಾಗಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಒಳಗೆ ಕೂತರೆ, ಅಥವಾ ದಿನಾ ಹೆಂಡ ಹೋಗುತ್ತಿದ್ದರೆ, ಅಥವಾ ಕೊಬ್ಬು ತುಂಬಿಕೊಂಡಿದ್ದರೆ ಮುಳ್ಳು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರುತ್ತದೆ. ಜೀವಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ, ಮತ್ತೆ ಸಾಯುತ್ತವೆ. ಹೀಗೆ ಸಾವಿರ ಸಲ ನಕಲು ಮಾಡುವಾಗ ಎಲ್ಲೋ ಒಂದು ಕಡೆ ತಪ್ಪಾಗುತ್ತದೆ, ಆ ತಪ್ಪೇ ಬೆಳೆದು ಗಡ್ಡೆ ಆಗಬಹುದು. ನಡುವೆ ಗಾಯದ ಕಲೆ ಕಟ್ಟಿ ಕಟ್ಟಿ ಲಿವರ್ ಗಂಟು ಗಂಟಾಗಿ ಗಟ್ಟಿಯಾಗುವುದಕ್ಕೆ ಸಿರೋಸಿಸ್ ಅನ್ನುತ್ತಾರೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನಲ್ಲಿ ಹೆಚ್ಚಿನವು ಬರುವುದು ಇಂಥ ಲಿವರಿನಲ್ಲೇ. ಹೆಪಟೈಟಿಸ್ ಬಿ ಮಾತ್ರ ಸ್ವಲ್ಪ ಕಳ್ಳ, ಸಿರೋಸಿಸ್ ಆಗದೆಯೂ ಕ್ಯಾನ್ಸರ್ ತರಬಲ್ಲದು.

ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಎಂಬ ಅನುಮಾನ ಹೊಸದಲ್ಲ. ಗಡ್ಡೆಗಳೊಳಗೆ ಬಿಳಿ ರಕ್ತಕಣಗಳು ಇರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಷ್ಟು ಹಿಂದೆಯೇ ಗಮನಿಸಿದ್ದ. ಹಾಗಾದರೆ ಉರಿಯೂತ ಇಳಿಸಿದರೆ ಕ್ಯಾನ್ಸರ್ ದೂರ ಆಗಬೇಕಲ್ವಾ? ಪ್ರಶ್ನೆ ನ್ಯಾಯವಾದದ್ದೇ.

ಉರಿಯೂತದ ಮಾತ್ರೆ ಅಂದರೆ ಯಾವುವು? ಡೋಲೋ ಕೂಡ ಸೇರುತ್ತಾ?

ಸೇರಲ್ಲ. ಡೋಲೋ, ಕ್ರೋಸಿನ್ ಎಲ್ಲ ಪ್ಯಾರಾಸಿಟಮಾಲ್. ಜ್ವರ, ನೋವು ಇಳಿಸುತ್ತವೆ, ಊತದ ಮೇಲೆ ಅವುಗಳ ಆಟ ಅಷ್ಟಾಗಿ ನಡೆಯುವುದಿಲ್ಲ. ಈ ಗುಂಪಿಗೆ ಸೇರುವುದು ಆಸ್ಪಿರಿನ್ (ಡಿಸ್ಪ್ರಿನ್, ಎಕೋಸ್ಪ್ರಿನ್), ಐಬುಪ್ರೊಫೆನ್ (ಬ್ರೂಫೆನ್), ಡೈಕ್ಲೋಫೆನಾಕ್ (ವೋವೆರಾನ್), ಮುಟ್ಟಿನ ಹೊಟ್ಟೆನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್, ಮತ್ತೆ ನಿಮೆಸುಲೈಡ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಇವೆ. "ಮೈಕೈ ನೋವಿಗೆ ಏನಾದ್ರೂ ಕೊಡಿ" ಅಂದಾಗ ಅಂಗಡಿಯವರು ಕೈಗೆ ಹಾಕುವುದು ಸಾಮಾನ್ಯವಾಗಿ ಇವುಗಳಲ್ಲೇ ಒಂದನ್ನು.

ಡೈಕ್ಲೋಫೆನಾಕ್ ಹೆಸರು ಬಂದಾಗಲೆಲ್ಲ ನನಗೆ ರಾಮನಗರದ ರಣಹದ್ದುಗಳು ನೆನಪಾಗುತ್ತವೆ. ದನಗಳಿಗೆ ಕೊಟ್ಟ ಈ ಔಷಧಿ, ಸತ್ತ ದನದ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಡಿಸಿ ದೇಶದ ತುಂಬ ಅವನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನೇ ಸರ್ಕಾರ ನಿಷೇಧಿಸಿತು. ಮನುಷ್ಯ ಹದ್ದಲ್ಲ, ಸರಿ. ಆದರೂ ನೋವಿನ ಮಾತ್ರೆ ಅಂದರೆ ಪೆಪ್ಪರ್‌ಮಿಂಟ್ ಅಂದುಕೊಂಡವರಿಗೆ ಈ ಕಥೆ ಹೇಳುತ್ತೇನೆ.

ನಿಜವಾಗ್ಲೂ ಅಧ್ಯಯನ ಆಗಿದೆಯಾ, ಸುಮ್ನೆ ವಾಟ್ಸಾಪ್ ಕಥೆನಾ?

ಆಗಿದೆ. ಅದೂ ದೊಡ್ಡ ದೊಡ್ಡವೇ.

ಅಮೆರಿಕದಲ್ಲಿ 50ರಿಂದ 71 ವಯಸ್ಸಿನ ಸುಮಾರು 3 ಲಕ್ಷ ಜನರ ಲೆಕ್ಕ 2012ರಲ್ಲಿ ಹೊರಬಂತು. ಆಸ್ಪಿರಿನ್ ತಗೊಳ್ಳುತ್ತಿದ್ದವರಲ್ಲಿ ಲಿವರ್ ಕ್ಯಾನ್ಸರ್ 41 ಪರ್ಸೆಂಟ್ ಕಡಿಮೆ, ಲಿವರ್ ಕಾಯಿಲೆಯಿಂದ ಸಾವು 45 ಪರ್ಸೆಂಟ್ ಕಡಿಮೆ. ಬೇರೆ ನೋವಿನ ಮಾತ್ರೆ ತಗೊಂಡವರಲ್ಲಿ ಸಾವು ಸ್ವಲ್ಪ ಕಡಿಮೆ ಇತ್ತು, ಕ್ಯಾನ್ಸರ್ ಕಡಿಮೆ ಆಗಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲರ ಬಾಯಲ್ಲಿ ಓಡಾಡಿದ್ದು ಸ್ವೀಡನ್ನಿನದು, 2020ರದ್ದು. ಅಲ್ಲಿ ಪ್ರತಿಯೊಬ್ಬರ ಕಾಯಿಲೆ, ಔಷಧಿ ಎಲ್ಲ ಸರ್ಕಾರಿ ದಾಖಲೆಯಲ್ಲಿ ಇರುತ್ತದೆ, ನಮ್ಮ ಹಾಗೆ ಚೀಟಿ ಕಳೆದುಹೋಗುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ಇದ್ದ 50,275 ಜನರನ್ನು ನೋಡಿದರು. ಅವರಲ್ಲಿ 14,205 ಜನ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಿದವರು, ಅಂದರೆ ದಿನಕ್ಕೆ 75 ಅಥವಾ 160 ಮಿಲಿಗ್ರಾಂ. ಹತ್ತು ವರ್ಷದಲ್ಲಿ ಲಿವರ್ ಕ್ಯಾನ್ಸರ್ ಬಂದದ್ದು ಆಸ್ಪಿರಿನ್ ಇಲ್ಲದವರಲ್ಲಿ 100ಕ್ಕೆ 8.3 ಜನಕ್ಕೆ, ತಗೊಂಡವರಲ್ಲಿ 4 ಜನಕ್ಕೆ. ವಯಸ್ಸು, ಬೇರೆ ಕಾಯಿಲೆ ಎಲ್ಲ ಸರಿದೂಗಿಸಿ ನೋಡಿದಾಗ ಅಪಾಯ 31 ಪರ್ಸೆಂಟ್ ಕಡಿಮೆ ಅಂತ ಬಂತು. ಮೂರು ವರ್ಷ ದಾಟಿ ತಗೊಂಡವರಲ್ಲಿ ವ್ಯತ್ಯಾಸ ಎದ್ದು ಕಾಣಿಸಿತು, ಐದು ವರ್ಷ ದಾಟಿದವರಲ್ಲಿ ಇನ್ನೂ ಜಾಸ್ತಿ. ತೈವಾನಿನಲ್ಲಿ ಹೆಪಟೈಟಿಸ್ ಬಿ ಇದ್ದವರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಬಂತು.

ಇನ್ನೊಂದು 2018ರದ್ದು, ಅದು ನನಗೆ ಬೇರೆ ಕಾರಣಕ್ಕೆ ಇಷ್ಟ. ಅಮೆರಿಕದ ನರ್ಸುಗಳು ಮತ್ತು ಬೇರೆ ಆರೋಗ್ಯ ಕೆಲಸದವರು, ಒಟ್ಟು 1,33,371 ಜನ. ದೊಡ್ಡ ಡೋಸಿನ ಆಸ್ಪಿರಿನ್ ಮಾತ್ರೆ ವಾರಕ್ಕೆ ಎರಡೋ ಅದಕ್ಕಿಂತ ಹೆಚ್ಚೋ ತಗೊಂಡವರಲ್ಲಿ ಲಿವರ್ ಕ್ಯಾನ್ಸರ್ ಅಪಾಯ ಅರ್ಧಕ್ಕೆ ಇಳಿದಿತ್ತು. ಭರ್ಜರಿ ಸುದ್ದಿ, ಅಲ್ವಾ? ಆದರೆ 26 ವರ್ಷಕ್ಕೂ ಹೆಚ್ಚು ಕಾಲ ನೋಡಿದರೂ ಅಷ್ಟು ಜನರಲ್ಲಿ ಈ ಕ್ಯಾನ್ಸರ್ ಬಂದದ್ದು ಒಟ್ಟು 108 ಜನಕ್ಕೆ. ಲಿವರ್ ಚೆನ್ನಾಗಿರುವ ಮಾಮೂಲಿ ಮನುಷ್ಯನಿಗೆ ಅಪಾಯವೇ ಇಷ್ಟು ಚಿಕ್ಕದು, ಅದರಲ್ಲಿ ಅರ್ಧ ಕಳೆದರೆ ಉಳಿತಾಯ ಎಷ್ಟು? ವಿಡಿಯೊದವರು "ಅರ್ಧ" ಅನ್ನುವುದನ್ನು ಹೇಳುತ್ತಾರೆ, "108" ಅನ್ನುವುದನ್ನು ಹೇಳಲ್ಲ.

ಆಸ್ಪಿರಿನ್ನೇ ಯಾಕೆ? ಬ್ರೂಫೆನ್, ವೋವೆರಾನ್ ಯಾಕಲ್ಲ?

ಇವೆಲ್ಲ ಒಂದೇ ಬೀಗಕ್ಕೆ ಕೈ ಹಾಕುತ್ತವೆ. ಕಾಕ್ಸ್ ಎಂಬ ಕಿಣ್ವವನ್ನು ತಡೆದು, ಊತ ಎಬ್ಬಿಸುವ ಪ್ರೊಸ್ಟಗ್ಲಾಂಡಿನ್‌ಗಳು ತಯಾರಾಗದ ಹಾಗೆ ಮಾಡುತ್ತವೆ. ಇದನ್ನು 1971ರಲ್ಲಿ ಕಂಡುಹಿಡಿದ ಇಂಗ್ಲೆಂಡಿನ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು. ಆದರೆ ಬ್ರೂಫೆನ್ ಬೀಗ ಹಾಕಿ ಕೆಲವು ಗಂಟೆಗಳ ಮೇಲೆ ತಾನೇ ತೆಗೆಯುತ್ತದೆ. ಆಸ್ಪಿರಿನ್ ಬೀಗದ ತೂತಿಗೆ ಮೇಣ ಸುರಿದ ಹಾಗೆ, ಮತ್ತೆ ತೆರೆಯುವುದಿಲ್ಲ. ರಕ್ತದ ಪ್ಲೇಟ್‌ಲೆಟ್‌ಗೆ ಹೊಸ ಬೀಗ ಮಾಡಿಕೊಳ್ಳುವ ಶಕ್ತಿ ಇಲ್ಲ, ಹಾಗಾಗಿ ಅದು ಬದುಕಿರುವ ಏಳರಿಂದ ಹತ್ತು ದಿನವೂ ಕೈಕಟ್ಟಿ ಕೂರುತ್ತದೆ.

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವುದು ಅಂತ ಮಾತ್ರ ನಮಗೆ ಗೊತ್ತು. ಉರಿಯೂತದ ಲಿವರಿಗೆ ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆತರುವುದರಲ್ಲೂ ಅದರ ಕೈ ಇದೆ. ಇಟಲಿಯ ಮಿಲಾನಿನ ಸಂಶೋಧಕರು 2012ರಲ್ಲಿ ಹೆಪಟೈಟಿಸ್ ಬಿ ಮಾದರಿಯ ಇಲಿಗಳಿಗೆ ಆಸ್ಪಿರಿನ್ ಮತ್ತು ಪ್ಲೇಟ್‌ಲೆಟ್ ತಡೆಯುವ ಇನ್ನೊಂದು ಔಷಧಿ ಕ್ಲೋಪಿಡೋಗ್ರೆಲ್ ಕೊಟ್ಟು ನೋಡಿದರು. ವೈರಸ್ ಹಾಗೇ ಇದ್ದರೂ ಲಿವರಿಗೆ ಆಗುವ ಗಾಯ ಕಡಿಮೆ ಆಯಿತು, ಕ್ಯಾನ್ಸರ್ ಕೂಡ. ಬೇರೆ ನೋವಿನ ಮಾತ್ರೆಗಳಲ್ಲಿ ಈ ಗುಣ ಯಾಕೆ ಕಾಣಲಿಲ್ಲ ಅನ್ನುವುದಕ್ಕೆ ಇದು ಒಂದು ವಿವರಣೆ. ಅಂದರೆ ನೀವು ಮಂಡಿನೋವಿಗೆ ನುಂಗುತ್ತಿರುವ ವೋವೆರಾನ್ "ಹೇಗೂ ಲಿವರಿಗೂ ಆಗುತ್ತೆ" ಅನ್ನುವ ಲೆಕ್ಕ ತಪ್ಪು. ಅದು ಕೆಲವರಲ್ಲಿ ಲಿವರಿಗೇ ಪೆಟ್ಟು ಕೊಡುತ್ತದೆ. ನಿಮೆಸುಲೈಡ್ ಕೂಡ ಅಷ್ಟೇ, 12 ವರ್ಷದೊಳಗಿನ ಮಕ್ಕಳಿಗೆ ಅದನ್ನು 2011ರಲ್ಲೇ ನಿಷೇಧಿಸಿದ್ದಾರೆ.

ಇಷ್ಟು ಒಳ್ಳೇದಾದರೆ ಡಾಕ್ಟರು ಯಾಕೆ ಎಲ್ಲರಿಗೂ ಬರೆದುಕೊಡಲ್ಲ?

ಎರಡು ಕಾರಣ. ಮೊದಲನೆಯದು ಕೇಳಿ, ಇದು ಸ್ವಲ್ಪ ಸೂಕ್ಷ್ಮ.

ಒಬ್ಬ ಡಾಕ್ಟರ ಎದುರು ಇಬ್ಬರು ಹೆಪಟೈಟಿಸ್ ರೋಗಿಗಳು ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬರ ಪ್ಲೇಟ್‌ಲೆಟ್ 70 ಸಾವಿರಕ್ಕೆ ಇಳಿದಿದೆ, ಹೊಟ್ಟೆಯಲ್ಲಿ ನೀರು ತುಂಬಲು ಶುರುವಾಗಿದೆ. ಇನ್ನೊಬ್ಬರು ಗಟ್ಟಿಮುಟ್ಟು, ಬಿಪಿ ಸ್ವಲ್ಪ ಜಾಸ್ತಿ ಅಷ್ಟೇ. ಆಸ್ಪಿರಿನ್ ಯಾರಿಗೆ ಬರೆಯುತ್ತಾರೆ? ಎರಡನೆಯವರಿಗೆ ತಾನೇ? ಮೊದಲನೆಯವರಿಗೆ ಕೊಟ್ಟರೆ ರಕ್ತಸ್ರಾವ ಆಗುತ್ತದೆ. ಹತ್ತು ವರ್ಷ ಬಿಟ್ಟು ನೋಡಿದರೆ ಆಸ್ಪಿರಿನ್ ತಗೊಂಡವರಲ್ಲಿ ಕ್ಯಾನ್ಸರ್ ಕಡಿಮೆ. ಮಾತ್ರೆಯಿಂದಲೋ, ಅಥವಾ ಮೊದಲೇ ಲಿವರ್ ಚೆನ್ನಾಗಿದ್ದವರಿಗೇ ಮಾತ್ರೆ ಸಿಕ್ಕಿದ್ದರಿಂದಲೋ? ಲೆಕ್ಕದಲ್ಲಿ ಇದನ್ನು ಸರಿದೂಗಿಸಲು ಸಂಶೋಧಕರು ಬಹಳ ಕಷ್ಟಪಡುತ್ತಾರೆ, ಆದರೂ ಪೂರ್ತಿ ಹೋಗುವುದಿಲ್ಲ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದು ನೋಡಿದರೆ ಮಾತ್ರ ಖಾತ್ರಿ. ದೊಡ್ಡಕರುಳಿನ ಕ್ಯಾನ್ಸರ್ ಮನೆತನದಲ್ಲೇ ಬರುವ ಲಿಂಚ್ ಸಿಂಡ್ರೋಮ್‌ನವರ ಮೇಲೆ ಇಂಥ ಪರೀಕ್ಷೆ ಆಗಿದೆ, 861 ಜನರಿಗೆ ಆಸ್ಪಿರಿನ್ ಅಥವಾ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದು ಲಾಭ ಇದೆ ಅಂತ ತೋರಿಸಿದ್ದಾರೆ. ಮೇಲೆ ಹೇಳಿದ ಲಿವರಿನ ಅಧ್ಯಯನಗಳು ಆ ಜಾತಿಯವಲ್ಲ.

ಎರಡನೆಯದು ರಕ್ತಸ್ರಾವ. ಆಸ್ಟ್ರೇಲಿಯ ಮತ್ತು ಅಮೆರಿಕದಲ್ಲಿ 19,114 ಆರೋಗ್ಯವಂತ ಹಿರಿಯರಿಗೆ, ಹೆಚ್ಚಿನವರು 70 ದಾಟಿದವರು, ದಿನಾ 100 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ ಫಲಿತಾಂಶ 2018ರಲ್ಲಿ ಬಂತು. ಹೆಚ್ಚು ದಿನ ಚೆನ್ನಾಗಿ ಬದುಕಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ ಜಾಸ್ತಿ ಆಯಿತು. ಯಾರೂ ನಿರೀಕ್ಷಿಸದ ಹಾಗೆ ಕ್ಯಾನ್ಸರಿನಿಂದ ಸತ್ತವರೂ ಆಸ್ಪಿರಿನ್ ಗುಂಪಲ್ಲೇ ಹೆಚ್ಚಿದ್ದರು. ಹೃದಯದ ತೊಂದರೆ ಇಲ್ಲದವರು 60 ದಾಟಿದ ಮೇಲೆ ಮುನ್ನೆಚ್ಚರಿಕೆಗೆ ಅಂತ ಹೊಸದಾಗಿ ಆಸ್ಪಿರಿನ್ ಶುರು ಮಾಡಬೇಡಿ ಎಂದು ಅಮೆರಿಕದ ತಜ್ಞರ ಸಮಿತಿಯೇ 2022ರಲ್ಲಿ ಹೇಳಿತು. ಹೃದಯಕ್ಕೇ ಬೇಡ ಅಂದಮೇಲೆ, ಇನ್ನೂ ಖಾತ್ರಿಯಾಗದ ಲಿವರಿನ ಲಾಭಕ್ಕೆ ಸುಮ್ನೆ ನುಂಗುವುದು ಎಷ್ಟು ಸರಿ ನೀವೇ ಹೇಳಿ.

ನನಗೆ ಹೆಪಟೈಟಿಸ್ ಬಿ ಇದೆ. ನಾನು ಶುರು ಮಾಡ್ಲಾ?

ನೀವಾಗಿ ನೀವು ಬೇಡ. ಆದರೆ ನಿಮ್ಮ ಲಿವರ್ ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಯೇ ಇದು, ಮುಜುಗರ ಪಡಬೇಡಿ. ಅದರಲ್ಲೂ ಶುಗರ್, ಬಿಪಿ, ಹೃದಯದ ತೊಂದರೆ ಜೊತೆಗಿದ್ದು ಆಸ್ಪಿರಿನ್ ಕೊಡಬೇಕೋ ಬೇಡವೋ ಎಂಬ ತೂಗಾಟ ಹೇಗೂ ಇದ್ದರೆ, ಲಿವರಿನ ಈ ಮಾತೂ ತಕ್ಕಡಿಗೆ ಬೀಳಬಹುದು. ಅದಕ್ಕಿಂತ ಮುಂಚೆ ವೈರಸ್ಸಿಗೆ ಮದ್ದು ಬೇಕಾ ಅಂತ ಕೇಳಿ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಕ್ಯಾನ್ಸರಿನ ಅಪಾಯವನ್ನೂ ಇಳಿಸುತ್ತವೆ. ಹೆಪಟೈಟಿಸ್ ಸಿ ಆದರೆ ಇನ್ನೂ ಸಲೀಸು, ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಜನಕ್ಕೆ ವೈರಸ್ಸೇ ಹೊರಟುಹೋಗುತ್ತದೆ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಇವೆರಡರ ಪರೀಕ್ಷೆ, ಔಷಧಿ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಮುಳ್ಳೇ ತೆಗೆಯಬಹುದಾದಾಗ ಊತಕ್ಕೆ ಯಾಕೆ ಗುದ್ದಾಡಬೇಕು?

ಸಿರೋಸಿಸ್ ಇದೆ. ಮಂಡಿನೋವಿಗೆ ನೋವಿನ ಮಾತ್ರೆ ತಗೊಳ್ಳಬಹುದಾ?

ಬೇಡ. ಬೇಡವೇ ಬೇಡ.

ಯಾಕೆ ಅಂದರೆ, ಗಟ್ಟಿಯಾದ ಲಿವರಿನೊಳಗೆ ರಕ್ತ ಸಲೀಸಾಗಿ ಹರಿಯದೆ ಅನ್ನನಾಳದ ರಕ್ತನಾಳಗಳು ಉಬ್ಬಿಕೊಂಡಿರುತ್ತವೆ. ಅವು ಒಡೆದರೆ ಜೀವಕ್ಕೇ ಅಪಾಯ. ಜೊತೆಗೆ ಕಿಡ್ನಿಯ ರಕ್ತಸಂಚಾರ ಆ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್ ಆಸರೆಯಲ್ಲಿ ನಿಂತಿರುತ್ತದೆ, ನೋವಿನ ಮಾತ್ರೆ ಆ ಆಸರೆಯನ್ನೇ ಎಳೆಯುತ್ತದೆ. ಕಿಡ್ನಿ ಕೈಕೊಡುತ್ತದೆ, ಹೊಟ್ಟೆಯ ನೀರು ಇನ್ನೂ ಜಾಸ್ತಿ ಆಗುತ್ತದೆ.

ನನ್ನ ಅಂಗಡಿಗೆ ವರ್ಷಗಳಿಂದ ಬರುತ್ತಿದ್ದ ಒಬ್ಬ ಹಿರಿಯರು, ಅಡಿಕೆ ತೋಟದವರು, ಸುಗ್ಗಿ ಸಮಯದಲ್ಲಿ ವಾರಕ್ಕೊಂದು ಶೀಟ್ ನೋವಿನ ಮಾತ್ರೆ ಒಯ್ಯುತ್ತಿದ್ದರು. ನಾನೂ ಕೊಡುತ್ತಿದ್ದೆ. ಲಿವರಿನ ವಿಷಯ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಒಂದು ದಿನ ಅವರ ಮಗ ಬಂದು "ಅಪ್ಪಂಗೆ ಎರಡು ದಿನದಿಂದ ಮಲ ಟಾರಿನ ಹಾಗೆ ಕಪ್ಪಗೆ ಹೋಗ್ತಾ ಇದೆ, ಹೊಟ್ಟೆಗೆ ಏನಾದ್ರೂ ಕೊಡಿ" ಅಂದ. ಕಪ್ಪು ಮಲ ಅಂದರೆ ಒಳಗೆ ರಕ್ತ ಹೋಗುತ್ತಿದೆ ಅಂತ. ಏನೂ ಕೊಡದೆ ಆಸ್ಪತ್ರೆಗೆ ಓಡಿಸಿದೆ. ಉಳಿದರು, ಐದು ಬಾಟಲಿ ರಕ್ತ ಹಾಕಿಸಿಕೊಂಡು. ಅವತ್ತಿಂದ ನೋವಿನ ಮಾತ್ರೆ ಕೇಳಿದವರಿಗೆಲ್ಲ ಲಿವರ್, ಕಿಡ್ನಿ, ಗ್ಯಾಸ್ಟ್ರಿಕ್, ಆಸ್ತಮಾ ಅಂತ ನಾಲ್ಕು ಮಾತು ಕೇಳಿಯೇ ಕೊಡುತ್ತೇನೆ. ಕೆಲವರಿಗೆ ಕಿರಿಕಿರಿ, ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಸಿರೋಸಿಸ್ ಇರುವವರಿಗೆ ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲನ್ನೇ ಹೇಳುತ್ತಾರೆ, ದಿನಕ್ಕೆ 2 ಗ್ರಾಂ ಮೀರದ ಹಾಗೆ, ಡಾಕ್ಟರನ್ನು ಕೇಳಿ. ಡೋಲೋ 650 ಆದರೆ ಮೂರು ಮಾತ್ರೆ, ಅಷ್ಟೇ.

ಫ್ಯಾಟಿ ಲಿವರ್ ಅಂತ ರಿಪೋರ್ಟ್ ಬಂದಿದೆ. ನಮಗೆ?

ಇಲ್ಲಿ ಒಂದು ಸಣ್ಣ ಆಸೆಯ ಸುದ್ದಿ ಇದೆ. ಬೋಸ್ಟನ್ನಿನ ಮಾಸಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಿರೋಸಿಸ್ ಆಗದ 80 ಫ್ಯಾಟಿ ಲಿವರ್ ರೋಗಿಗಳಿಗೆ ಆರು ತಿಂಗಳು 81 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಮಾತ್ರೆ ಕೊಟ್ಟರು, ಇದು ಚೀಟಿ ಎತ್ತಿದ ಥರದ ಸರಿಯಾದ ಪರೀಕ್ಷೆ. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ಆಸ್ಪಿರಿನ್ ಗುಂಪಿನಲ್ಲಿ ಲಿವರಿನ ಕೊಬ್ಬು ಇಳಿಯಿತು, ಇನ್ನೊಂದು ಗುಂಪಿನಲ್ಲಿ ಸ್ವಲ್ಪ ಏರಿತು. 80 ಜನ, ಆರು ತಿಂಗಳು, ನೋಡಿದ್ದು ಕೊಬ್ಬನ್ನು, ಕ್ಯಾನ್ಸರನ್ನಲ್ಲ. ಇನ್ನೂ ದೊಡ್ಡ ಪರೀಕ್ಷೆ ಆಗಬೇಕು, ಅಷ್ಟರಲ್ಲಿ ನೀವು ತೂಕ ಇಳಿಸಿ, ರಾತ್ರಿ ಅನ್ನದ ಗುಡ್ಡೆ ಅರ್ಧ ಮಾಡಿ.

ಕುಡಿಯುವ ಅಭ್ಯಾಸ ಇದೆ, ರಕ್ಷಣೆಗೆ ಒಂದು ಆಸ್ಪಿರಿನ್ ತಗೊಂಡರೆ?

ಹೆಂಡವೂ ಹೊಟ್ಟೆಯ ಒಳಪದರ ಸುಡುತ್ತದೆ, ಆಸ್ಪಿರಿನ್ನೂ ಸುಡುತ್ತದೆ. ಎರಡೂ ಸೇರಿದರೆ ರಕ್ತಸ್ರಾವಕ್ಕೆ ಆಹ್ವಾನ ಪತ್ರಿಕೆ. ಮುಂದಿನ ಪ್ರಶ್ನೆ.

ಜ್ವರಕ್ಕೂ ಆಸ್ಪಿರಿನ್ ಆಗುತ್ತಲ್ವಾ?

ನಮ್ಮ ಕಡೆ ಖಂಡಿತ ಬೇಡ. ಮಳೆಗಾಲ ಬಂದರೆ ಡೆಂಗಿ. ಚಳಿಗಾಲ ಕಳೆಯುವ ಹೊತ್ತಿಗೆ ಮಂಗನ ಕಾಯಿಲೆ, 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದದ್ದು. ಎರಡರಲ್ಲೂ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಮೇಲೆ ಆಸ್ಪಿರಿನ್ನೋ ಬ್ರೂಫೆನ್ನೋ ಬಿದ್ದರೆ ಕೇಳುವುದೇ ಬೇಡ. ಮಕ್ಕಳಿಗೆ ವೈರಲ್ ಜ್ವರದಲ್ಲಿ ಆಸ್ಪಿರಿನ್ ಕೊಟ್ಟರೆ ಲಿವರ್ ಮತ್ತು ಮೆದುಳಿಗೆ ಪೆಟ್ಟು ಬೀಳುವ ರೇಯ್ ಸಿಂಡ್ರೋಮ್ ಎಂಬ ಅಪರೂಪದ ತೊಂದರೆಯೂ ಇದೆ.

ಮಾತ್ರೆ ಬೇಡ, ಅರಿಶಿನ, ನೆಲನೆಲ್ಲಿ, ಅಮೃತಬಳ್ಳಿ ಆಗುತ್ತಾ? ಅವೂ ಉರಿಯೂತಕ್ಕೆ ಒಳ್ಳೇದಂತಲ್ಲ.

ನೆಲನೆಲ್ಲಿಯ ಕಥೆ ಚೆನ್ನಾಗಿದೆ. ಕಾಮಾಲೆಗೆ ನಮ್ಮ ಅಜ್ಜಿಯೂ ಅದನ್ನು ಮಜ್ಜಿಗೆಯಲ್ಲಿ ಅರೆದು ಕೊಡುತ್ತಿದ್ದರು. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ನೆಲನೆಲ್ಲಿ ಕೊಟ್ಟು, 37 ಜನರಲ್ಲಿ 22 ಜನಕ್ಕೆ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು ಅಂತ ಬರೆದರು. ಆ ಬರಹದಲ್ಲಿ ಹೆಪಟೈಟಿಸ್ ಬಿ ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಹೆಸರೂ ಇತ್ತು. ಎಲ್ಲರೂ ಹಿಗ್ಗಿದರು. ಆಮೇಲೆ ಬೇರೆ ಕಡೆ ಮಾಡಿ ನೋಡಿದರೆ ಆ ಫಲ ಮತ್ತೆ ಸಿಗಲಿಲ್ಲ. ಮೊದಲ ಸುದ್ದಿ ಕೇಳಿ ಕುಣಿಯಬಾರದು ಅಂತ ನಾನು ಕಲಿತದ್ದು ಇದರಿಂದಲೇ, ಆಸ್ಪಿರಿನ್ ವಿಷಯದಲ್ಲೂ.

ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ತಕರಾರಿಲ್ಲ. ಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟವರ ವರದಿಗಳು ಇವೆ. ಅಮೃತಬಳ್ಳಿಯೂ ಹಾಗೇ, ಕೋವಿಡ್ ಸಮಯದಲ್ಲಿ ಕಷಾಯ ಕುಡಿದು ಕುಡಿದು ಲಿವರ್ ಉರಿಯೂತ ಬಂದವರ ಬಗ್ಗೆ ನಮ್ಮ ದೇಶದ ಡಾಕ್ಟರುಗಳೇ ಬರೆದಿದ್ದಾರೆ.

ಮತ್ತೆ ಏನು ಮಾಡಬೇಕು?

ಹೆಪಟೈಟಿಸ್ ಬಿ ಇದೆಯಾ ಅಂತ ನೋಡಲು ಎಚ್‌ಬಿಎಸ್‌ಎಜಿ ಅಂತ ಒಂದು ರಕ್ತಪರೀಕ್ಷೆ ಇದೆ, ಜೀವಮಾನದಲ್ಲಿ ಒಮ್ಮೆಯಾದರೂ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ, ಅವರಲ್ಲಿ ಬಹುಪಾಲು ಜನಕ್ಕೆ ತಮಗೆ ಇದೆ ಅಂತಲೇ ಗೊತ್ತಿಲ್ಲ. ಇಲ್ಲ ಅಂತ ಬಂದರೆ ಲಸಿಕೆ ಹಾಕಿಸಿಕೊಳ್ಳಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಆಮೇಲೆ 6, 10, 14 ವಾರಕ್ಕೆ. ತೈವಾನಿನವರು 1984ರಲ್ಲೇ ಕೂಸುಗಳಿಗೆ ಹಾಕಲು ಶುರು ಮಾಡಿದರು, ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ನಿಜಕ್ಕೂ ಇಳಿಯಿತು. ಕ್ಯಾನ್ಸರ್ ತಡೆದ ಮೊದಲ ಲಸಿಕೆ ಅನ್ನುವುದು ಇದನ್ನೇ. ಬೂಸಲು ಹಿಡಿದ ಶೇಂಗಾ, ಜೋಳ ಎಸೆದುಬಿಡಿ, ಅದರ ಅಫ್ಲಾಟಾಕ್ಸಿನ್ ವಿಷವೂ ಲಿವರ್ ಕ್ಯಾನ್ಸರ್ ತರುತ್ತದೆ. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ.

ಕಾಫಿ? ಕುಡಿಯಿರಿ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಬಂದಿದೆ. ಅದೂ ಆಸ್ಪಿರಿನ್ ಥರದ್ದೇ ಲೆಕ್ಕ, ಖಾತ್ರಿ ಅಲ್ಲ, ಆದರೆ ಒಂದು ಲೋಟ ಕಾಫಿಯಿಂದ ಯಾರ ಹೊಟ್ಟೆಯಲ್ಲೂ ರಕ್ತ ಸೋರಿದ್ದು ನಾನು ನೋಡಿಲ್ಲ. ಸಕ್ಕರೆ ಕಡಿಮೆ ಹಾಕಿ.

ಹಾರ್ಟಿಗೆ ಸ್ಟೆಂಟ್ ಹಾಕಿಸಿದ್ದೇನೆ, ಎಕೋಸ್ಪ್ರಿನ್ 75 ನಡೀತಾ ಇದೆ. ಇದೆಲ್ಲ ಓದಿ ಭಯ ಆಯ್ತು, ನಿಲ್ಲಿಸ್ಲಾ?

ಅಯ್ಯೋ, ನಿಲ್ಲಿಸಬೇಡಿ! ನಿಮಗೆ ಅದು ಬೇಕೇ ಬೇಕು, ಹಲ್ಲು ಕೀಳಿಸುವ ಮುಂಚೆ ಕೂಡ ಡಾಕ್ಟರನ್ನು ಕೇಳದೆ ಬಿಡಬಾರದು. ಲಿವರಿಗೂ ಏನಾದರೂ ಲಾಭ ಆದರೆ ಅದು ಕೊಸರು ಅಂದುಕೊಳ್ಳಿ. ಅದರ ಜೊತೆ ಬ್ರೂಫೆನ್ ಮಾತ್ರ ನೀವೇ ಸೇರಿಸಬೇಡಿ, ಅದು ಮೊದಲೇ ಹೋಗಿ ಬೀಗದ ಜಾಗದಲ್ಲಿ ಕೂತರೆ ಆಸ್ಪಿರಿನ್ನಿಗೆ ಮೇಣ ಸುರಿಯಲು ತೂತೇ ಸಿಗುವುದಿಲ್ಲ.

ಮನೇಲಿ ಹಳೇ ಆಸ್ಪಿರಿನ್ ಇದೆ, ಹುಳಿ ವಾಸನೆ ಬರ್ತಿದೆ. ತಗೊಳ್ಳಬಹುದಾ?

ಎಸೆಯಿರಿ. ನಮ್ಮ ಮಳೆಗಾಲದ ಥಂಡಿಗೆ ಆಸ್ಪಿರಿನ್ ತೇವ ಎಳೆದುಕೊಂಡು ಒಡೆಯುತ್ತದೆ, ಒಡೆದಾಗ ಹುಟ್ಟುವುದು ವಿನೆಗರಿನ ಆಮ್ಲವೇ. ಉಪ್ಪಿನಕಾಯಿ ಭರಣಿ ತೆಗೆದ ಹಾಗೆ ಮೂಗಿಗೆ ಹೊಡೆಯುತ್ತದೆ. ಅಂಗಡಿಯಲ್ಲಿ ಕೂಡ ಜುಲೈ ತಿಂಗಳಲ್ಲಿ ಡಬ್ಬಿಯಲ್ಲಿದ್ದ ಬಿಡಿ ಮಾತ್ರೆಗಳನ್ನು ನಾನು ಮೂಸಿ ನೋಡಿಯೇ ತೆಗೆದಿಡುತ್ತೇನೆ.